ಬಾಕ್ಸ್ ತಗೊಳ್ಳೋ ಮುಂಚೆ ರಿಮೋಟ್ ಅಜ್ಜಿ ಕೈಗೆ ಕೊಟ್ಟು ನೋಡಿ

1/7
ಈ ವಾರ ಕ್ಲಾಸಲ್ಲಿ ಮೂರು ಜನ ಕೇಳಿದ್ರು, ಡಿಎಂನಲ್ಲಿ ಇನ್ನೂ ಜಾಸ್ತಿ: "ಟಿವಿಗೆ ಯಾವ ಬಾಕ್ಸ್ ತಗೊಳ್ಳೋದು? ಸಿನಿಮಾನೂ ನೋಡ್ಬೇಕು, ಗೇಮೂ ಆಡ್ಬೇಕು." ಕಡೂರು ಬಸ್ ಸ್ಟ್ಯಾಂಡಲ್ಲಿ ನಿಂತು ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಉದ್ದ ಇದೆ, ಸೇವ್ ಮಾಡ್ಕೊಳ್ಳಿ. ಅಜ್ಜಂಪುರದಿಂದ ರೈಲಲ್ಲಿ ಬರೋರಿಗೆ ಬೀರೂರು ಬರೋದ್ರೊಳಗೆ ಮುಗಿಯುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಟಿವಿ, ಗೇಮು ಎರಡನ್ನೂ ಒಂದೇ ಬಾಕ್ಸಲ್ಲಿ ಹುಡುಕಬೇಡಿ. ಮನೆಗೆ ತರೋ ಬಾಕ್ಸ್ ಮನೆಯವರದ್ದು. ನಾವು ಹಗಲೆಲ್ಲ ಕಾಲೇಜಲ್ಲಿ ಇರ್ತೀವಿ, ರಿಮೋಟ್ ಹಿಡಿಯೋರು ಅಮ್ಮ, ಅಜ್ಜಿ. ಗೇಮಿಗೆ ಬೇರೆ ದಾರಿ ಇದೆ, ಅದಕ್ಕೆ ಖರ್ಚೂ ಕಡಿಮೆ. ಇಷ್ಟು ಅರ್ಥ ಆಗೋಕೆ ಅಪ್ಪನ 2,300 ರೂಪಾಯಿ ಹಾಳು ಮಾಡಿದ್ದೀನಿ. ಆ ಕಥೆ ಕೇಳಿ.

2/7
ನಮ್ಮ ಮನೇಲಿರೋದು 32 ಇಂಚಿನ ಹಳೇ ಟಿವಿ. ಸ್ಮಾರ್ಟ್ ಅಲ್ಲ, ಆದ್ರೆ ಚೆನ್ನಾಗೇ ಇದೆ. ಹೋದ ವರ್ಷ ತೆಂಗಿನಕಾಯಿ ಮಾರಿದ ದುಡ್ಡು ಬಂದಾಗ ಅಪ್ಪನ ತಲೆ ತಿಂದೆ. "ಕೇಬಲ್ ತೆಗೆಸಿ, ಬಾಕ್ಸ್ ಹಾಕಿದ್ರೆ ತಿಂಗಳು ತಿಂಗಳು ದುಡ್ಡು ಉಳಿಯುತ್ತೆ" ಅಂತ ಲೆಕ್ಕ ಒಪ್ಪಿಸಿದೆ. ನಿಜ ಹೇಳ್ಬೇಕು ಅಂದ್ರೆ ನನಗೆ ಬೇಕಿದ್ದಿದ್ದು ದೊಡ್ಡ ಸ್ಕ್ರೀನಲ್ಲಿ ಗೇಮು.

ಅಂಗಡಿ ಹೆಸರು ಬೇಡ. ಡಬ್ಬದ ಮೇಲೆ 8ಕೆ, 8 ಜಿಬಿ ರ್ಯಾಮ್, ಸಾವಿರ ಗೇಮು ಅಂತೆಲ್ಲ ಬರೆದಿತ್ತು. ಬೆಲೆ 2,300. ಪ್ರಾಸೆಸರ್ ಬಗ್ಗೆ ಅಷ್ಟೆಲ್ಲ ವಿಡಿಯೋ ನೋಡಿದ್ದ ನನಗೆ, ಈ ಬೆಲೆಗೆ ಇಷ್ಟೆಲ್ಲ ಹೆಂಗೆ ಕೊಡ್ತಾರೆ ಅನ್ನೋ ಪ್ರಶ್ನೆ ಮಾತ್ರ ಬರಲೇ ಇಲ್ಲ.

ಮನೆಗೆ ತಂದು ಹಾಕಿದ್ರೆ ಟಿವಿ ಮೇಲೆ ಫೋನಿನ ಸ್ಕ್ರೀನ್ ಥರದ್ದೇ ಬಂತು. ಸಣ್ಣ ಸಣ್ಣ ಐಕಾನು, ನಡುವೆ ಮೌಸಿನ ಬಾಣ. ರಿಮೋಟಲ್ಲಿ ಆ ಬಾಣವನ್ನ ಓಡಿಸಿ ಐಕಾನ್ ಮೇಲೆ ಕೂರಿಸ್ಬೇಕು. ಅಜ್ಜಿ ಎರಡು ದಿನ ಪ್ರಯತ್ನ ಪಟ್ಟರು. ಮೂರನೇ ದಿನ ಕನ್ನಡಕ ತೆಗೆದಿಟ್ಟು, "ಬಾಣ ಎಲ್ಲೋಯ್ತು ಮಗಾ, ನನಗೆ ಸಿಗ್ತಾ ಇಲ್ಲ" ಅಂತ ಎದ್ದು ಹಿತ್ತಲಿಗೆ ಹೋದರು. ಕೇಬಲ್ ಆಗಲೇ ಕಟ್. ಅವರ ಚಂದನ ಹೋಯ್ತು, ಥಟ್ ಅಂತ ಹೇಳಿ ಹೋಯ್ತು, ಎರಡು ಸೀರಿಯಲ್ ಹೋದವು. ಬೈದಿದ್ರೆ ವಾಸಿ ಇತ್ತು. ಏನೂ ಅನ್ನಲಿಲ್ಲ, ಸಂಜೆ ಪಕ್ಕದ ಮನೆಗೆ ಟಿವಿ ನೋಡೋಕೆ ಹೋಗೋಕೆ ಶುರು ಮಾಡಿದರು.

3/7
ಇನ್ನು ಪಿಕ್ಚರ್ ಕ್ವಾಲಿಟಿ. ಪ್ರೈಮಲ್ಲಿ ಕಾಂತಾರ ಹಾಕಿದೆ. ಕೊನೆಯ ರಾತ್ರಿ ದೃಶ್ಯ ನೆನಪಿದೆ ಅಲ್ವಾ? ನಮ್ಮ ಟಿವೀಲಿ ಬೆಂಕಿ ಯಾವುದು, ಮುಖ ಯಾವುದು ಗೊತ್ತಾಗ್ಲಿಲ್ಲ. ನೆಟ್ ಸ್ಲೋ ಅಂದ್ಕೊಂಡೆ. ಅಲ್ಲ.

ವಿಷಯ ಏನಂದ್ರೆ, ಒಟಿಟಿ ಆ್ಯಪ್‌ಗಳು ಸಿನಿಮಾ ಕಳಿಸೋ ಮುಂಚೆ ಬಾಕ್ಸಿನಲ್ಲಿ ಕಾಪಿ ತಡೆಯೋ ಬೀಗ ಎಂಥದ್ದಿದೆ ಅಂತ ನೋಡ್ತವೆ. ಗೂಗಲ್‌ನ ಆ ಬೀಗದ ಹೆಸರು ವೈಡ್‌ವೈನ್. ಎಲ್1 ದರ್ಜೆ ಇದ್ರೆ ಎಚ್‌ಡಿ, 4ಕೆ ಸಿಗುತ್ತೆ. ಎಲ್3 ಆದ್ರೆ ನೆಟ್‌ಫ್ಲಿಕ್ಸ್, ಪ್ರೈಮ್ ಥರದವು 480ಪಿ ಆಸುಪಾಸಲ್ಲೇ ನಿಲ್ಲಿಸ್ತವೆ. ಡಬ್ಬದ ಮೇಲೆ 8ಕೆ ಅಲ್ಲ, 80ಕೆ ಬರೆದ್ರೂ ಅಷ್ಟೇ. ಬೀಗದ ದರ್ಜೆ ನೋಡೋಕೆ ಪ್ಲೇ ಸ್ಟೋರಲ್ಲಿ ಡಿಆರ್‌ಎಂ ಇನ್ಫೋ ಅನ್ನೋ ಚಿಕ್ಕ ಆ್ಯಪ್ ಇದೆ. ನಮ್ಮದು ಎಲ್3.

ಇದಕ್ಕಿಂತ ಹೆದರಿಕೆ ವಿಷಯ ಆಮೇಲೆ ಓದಿದೆ. 2023ರಲ್ಲಿ ಕೆನಡಾದ ಒಬ್ಬ ತಂತ್ರಜ್ಞ ಟಿ95 ಅನ್ನೋ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಬಿಚ್ಚಿ ನೋಡಿದ್ರೆ, ಕಾರ್ಖಾನೆಯಿಂದಲೇ ಮಾಲ್‌ವೇರ್ ತುಂಬಿಕೊಂಡು ಬಂದಿತ್ತು. 2025ರ ಜೂನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಬಗ್ಗೆ ಎಚ್ಚರಿಕೆ ಕೊಟ್ಟಿತು. ಮುಂದಿನ ತಿಂಗಳು ಗೂಗಲ್ ನ್ಯೂಯಾರ್ಕಲ್ಲಿ ಕೇಸ್ ಹಾಕ್ತು. ಪ್ರಮಾಣಪತ್ರ ಇಲ್ಲದ 1 ಕೋಟಿಗೂ ಹೆಚ್ಚು ಸಾಧನಗಳಿಗೆ ಅದು ಹೊಕ್ಕಿದೆ ಅಂತ ಗೂಗಲ್ ಹೇಳಿದ್ದು. ಇಂಥ ಬಾಕ್ಸ್ ಮಾಡೋದೇನು? ಎಲ್ಲೋ ಕೂತವನು ಮಾಡೋ ಮೋಸ ನಮ್ಮ ಮನೆ ಇಂಟರ್‌ನೆಟ್ ವಿಳಾಸದಿಂದ ಹೋಗೋ ಹಾಗೆ ಮಾಡುತ್ತೆ. ನಾವು ಸೀರಿಯಲ್ ನೋಡ್ತಾ ಕೂತಿರ್ತೀವಿ.

ನಾನು ಆ ಬಾಕ್ಸಿಗೆ ಹಾಕಿದ್ದು ಅಪ್ಪನ ಜೀಮೇಲ್. ಪಹಣಿ, ಬ್ಯಾಂಕಿನ ಮೆಸೇಜು ಎಲ್ಲ ಬರೋದು ಅದಕ್ಕೇ. ಓದಿದ ರಾತ್ರಿನೇ ವೈರ್ ಕಿತ್ತು, ಪಾಸ್‌ವರ್ಡ್ ಬದಲಾಯಿಸಿದೆ. ಅಪ್ಪನಿಗೆ ಬೆಳಿಗ್ಗೆ ಹೇಳಿದೆ. ಅದೊಂದು ಬೆಳಿಗ್ಗೆ ಬೇಡ ಬಿಡಿ.

4/7
ಹಾಗಾದ್ರೆ ಬಾಕ್ಸ್ ತಗೊಳ್ಳೋದು ಹೆಂಗೆ? ಅಂಗಡಿಗೆ ಹೋಗೋ ಮುಂಚೆ ಮನೆ ನೋಡಿ.

ಟಿವಿ ಹಿಂದೆ ಎಚ್‌ಡಿಎಂಐ ತೂತು ಇದೆಯಾ? 32 ಇಂಚಿನ "ಎಚ್‌ಡಿ ರೆಡಿ" ಟಿವಿ ಅಂದ್ರೆ ಸಾಮಾನ್ಯವಾಗಿ 1366×768. ಅದಕ್ಕೆ 4ಕೆ ಸಿನಿಮಾ ಕೊಟ್ರೂ ತೋರಿಸೋದು ಅಷ್ಟನ್ನೇ. ಆದ್ರೂ ಒಂದು ಮಾತು: 4ಕೆ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ರ್ಯಾಮ್ ಜಾಸ್ತಿ ಇರುತ್ತೆ, ಎರಡು ವರ್ಷ ಆದ್ಮೇಲೆ ತಡವರಿಸೋದು ಕಡಿಮೆ. ಹಳೇ ಡಬ್ಬಾ ಟಿವಿಗೆ ಕನ್ವರ್ಟರ್ ಹಾಕಿ ಒದ್ದಾಡ್ಬೇಡಿ, ಅಕ್ಷರ ಓದೋಕೇ ಆಗಲ್ಲ.

ನೆಟ್. ತರೀಕೆರೆಯ ನಮ್ಮ ಫ್ರೆಂಡ್ ಮನೆ ಲಕ್ಕವಳ್ಳಿ ಕಡೆ ಅಡಿಕೆ ತೋಟದೊಳಗೆ. ಫೈಬರ್ ಇಲ್ಲ, ಫೋನಿನ ಹಾಟ್‌ಸ್ಪಾಟೇ ಗತಿ, ದಿನಕ್ಕೆ 2 ಜಿಬಿ. ನೆಟ್‌ಫ್ಲಿಕ್ಸ್ ಹೇಳೋ ಲೆಕ್ಕದಲ್ಲಿ ಎಚ್‌ಡಿ ಗಂಟೆಗೆ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ತಿನ್ನುತ್ತೆ. ಅಂದ್ರೆ ಅವನ ದಿನದ ಡೇಟಾ ಇಂಟರ್‌ವೆಲ್‌ಗೇ ಖಾಲಿ. ಅವನಿಗೆ ನಾನು ಹೇಳಿದ್ದು: ಈಗ ಬಾಕ್ಸೇ ಬೇಡ, ಡಿಶ್ ಇರ್ಲಿ. ಬೇಜಾರು ಮಾಡ್ಕೊಂಡ. ಇವತ್ತೂ ನನ್ನ ಉತ್ತರ ಅದೇ.

ಫೈಬರ್ ಇದ್ದೋರು ರೂಟರ್ ಎಲ್ಲಿದೆ ನೋಡಿ. ಅಜ್ಜಂಪುರ ಕಡೆ ಹಳೇ ಮನೆಗಳ ಗೋಡೆ ಎಷ್ಟು ದಪ್ಪ ಅಂತ ನಿಮಗೇ ಗೊತ್ತು. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದ್ರೆ ಗೋಡೆ ದಾಟೋ ಶಕ್ತಿ ಕಡಿಮೆ. 2.4 ದಾಟುತ್ತೆ, ವೇಗ ಕಡಿಮೆ. ಟಿವಿ ಇರೋ ಕೋಣೆಗೇ ರೂಟರ್ ತಂದಿಟ್ರೆ ಅರ್ಧ ಜಗಳ ಮುಗೀತು.

ಇನ್ನೊಂದು. ಸ್ಟಿಕ್‌ಗೆ ಕರೆಂಟನ್ನ ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಅದು ಸಾಲದೆ ನಡುನಡುವೆ ರೀಸ್ಟಾರ್ಟ್ ಆಗುತ್ತೆ. ಜೊತೆಗೆ ಕೊಟ್ಟ ಅಡಾಪ್ಟರನ್ನೇ ಗೋಡೆಗೆ ಹಾಕಿ. ಮೆಸ್ಕಾಂ ಕರೆಂಟಿನ ವಿಷಯ ನಾನೇನು ಹೇಳೋದು! ಯುಪಿಎಸ್ ಇದ್ರೆ ರೂಟರ್ ಅದರ ಲೈನಲ್ಲಿರ್ಲಿ.

5/7
ಈಗ ಬಾಕ್ಸ್. ಮೊದಲು ಫೈಬರ್ ಹಾಕಿಸಿದವರಿಗೇ ಫೋನ್ ಮಾಡಿ, ನಿಮ್ಮ ಪ್ಲಾನ್ ಜೊತೆ ಸೆಟ್‌ಟಾಪ್ ಬಾಕ್ಸ್ ಬರುತ್ತಾ ಕೇಳಿ. ಜಿಯೋ, ಏರ್‌ಟೆಲ್ ಎರಡೂ ಕೆಲವು ಪ್ಲಾನ್‌ಗಳಿಗೆ ಕೊಡ್ತವೆ. ಮನೇಲಿ ಬಾಕ್ಸ್ ಸಿಗೋದು ಬಿಟ್ಟು ಅಂಗಡೀಲಿ ಚೌಕಾಸಿ ಮಾಡೋದು ಯಾಕೆ?

ಅದು ಇಲ್ಲ ಅಂದ್ರೆ ಎರಡೇ ದಾರಿ. ಅಮೆಜಾನ್ ಫೈರ್ ಟಿವಿ ಸ್ಟಿಕ್, ಇಲ್ಲಾ ಶಿಯೋಮಿ ಥರದ ಕಂಪನಿಗಳ ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಬಾಕ್ಸ್. ಫೈರ್ ಸ್ಟಿಕ್ ಗಟ್ಟಿ, ರಿಮೋಟ್ ಚೆನ್ನಾಗಿದೆ, ಆದ್ರೆ ಮೊದಲ ಪರದೆ ತುಂಬ ಜಾಹೀರಾತು, ಪ್ರೈಮ್‌ದೇ ಕಾರುಬಾರು. ಗೂಗಲ್ ಟಿವಿ ಬಾಕ್ಸಲ್ಲಿ ಪ್ಲೇ ಸ್ಟೋರ್ ಇರುತ್ತೆ, ಫೋನಿಂದ ಕಾಸ್ಟ್ ಮಾಡ್ಬಹುದು. ನಾನು ಕೊನೆಗೆ ತಗೊಂಡಿದ್ದು ಇದನ್ನ. 2 ಜಿಬಿ ರ್ಯಾಮ್, 8 ಜಿಬಿ ಸ್ಟೋರೇಜ್ ಇರೋದು. ಆ 8ರಲ್ಲಿ ಸಿಸ್ಟಮ್ ತಿಂದು ಉಳಿಯೋದು ಅರ್ಧದ ಆಸುಪಾಸು ಅಷ್ಟೇ, ಆದ್ರೆ ಐದಾರು ಆ್ಯಪ್‌ಗೆ ಧಾರಾಳ. ಆ್ಯಪಲ್ ಟಿವಿ 4ಕೆ 2022ರಲ್ಲಿ ಬಂದಾಗಲೇ 14,900. ಅಷ್ಟಕ್ಕೆ ಹೊಸ ಟಿವಿನೇ ಬರುತ್ತೆ ಕಣ್ರೋ.

ಎಪಿಕೆ ಹಾಕೋ ಚಟ ಇರೋರಿಗೆ: ಅಮೆಜಾನ್ 2025ರಲ್ಲಿ ತಂದ 4ಕೆ ಸೆಲೆಕ್ಟ್ ಸ್ಟಿಕ್‌ನಲ್ಲಿ ಆಂಡ್ರಾಯ್ಡೇ ಇಲ್ಲ, ವೇಗಾ ಅನ್ನೋ ಬೇರೆ ಓಎಸ್. ಅಲ್ಲಿ ನಿಮ್ಮ ಎಪಿಕೆ ನಡೆಯಲ್ಲ.

ಬಾಕ್ಸಿನ ದುಡ್ಡು ಒಂದು ಸಲ, ಆ್ಯಪಿನ ದುಡ್ಡು ಮತ್ತೆ ಮತ್ತೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ನೋಡೋರಿಗೆ ಜಿಯೋಹಾಟ್‌ಸ್ಟಾರ್, ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ಮನೇಲಿ ಮೂರೂ ಬೇಕು ಅಂದ್ರೆ, ಕೇಬಲ್ ತೆಗೆಸಿ ಉಳಿಸ್ತೀನಿ ಅಂದ ನನ್ನ ಲೆಕ್ಕ ಅಲ್ಲೇ ಮುಗೀತು. ಕೂಡಿಸಿ ನೋಡಿ, ಆಮೇಲೆ ಕೇಬಲ್‌ಗೆ ಕೈ ಹಾಕಿ.

6/7
ಗೇಮು. ಇಲ್ಲಿ ಜಗಳಕ್ಕೆ ಬರ್ತೀರ ಅಂತ ಗೊತ್ತು.

ಮೂರ್ನಾಲ್ಕು ಸಾವಿರದ ಬಾಕ್ಸಲ್ಲಿ ಇರೋ ಚಿಪ್ ವಿಡಿಯೋ ಬಿಚ್ಚಿ ತೋರಿಸೋಕೆ ಮಾಡಿದ್ದು. ನಿಮ್ಮ ಕೈಲಿರೋ ಫೋನು ಅದಕ್ಕಿಂತ ಎಷ್ಟೋ ವಾಸಿ. ಬೀಚ್ ಬಗ್ಗಿ ರೇಸಿಂಗ್, ಕ್ರಾಸಿ ರೋಡ್ ಥರದ್ದು ಆಡ್ಬಹುದು, ತಮ್ಮ ತಂಗಿಗೆ ಖುಷಿ. ಅದರಾಚೆ ಆಸೆ ಬೇಡ. ಫೋನ್ ಸ್ಕ್ರೀನನ್ನೇ ಕಾಸ್ಟ್ ಮಾಡಿ ಆಡ್ತೀನಿ ಅಂದ್ರೆ, ಬಾಲ್ ಸ್ಟಂಪಿಗೆ ಬಡಿದ ಮೇಲೆ ಬ್ಯಾಟ್ ಎತ್ತಿದ ಹಾಗಿರುತ್ತೆ. ಫೋನಿಂದ ಎಚ್‌ಡಿಎಂಐಗೆ ವೈರ್ ಎಳೀತೀನಿ ಅಂದ್ರೆ, ನಮ್ಮ ಬಜೆಟ್ ಫೋನ್‌ಗಳಲ್ಲಿ ಹೆಚ್ಚಿನವಕ್ಕೆ ಟೈಪ್ ಸಿ ತೂತಿನಿಂದ ವಿಡಿಯೋ ಹೊರಗೆ ಬರೋದೇ ಇಲ್ಲ. ಕೇಬಲ್ ಕೊಳ್ಳೋ ಮುಂಚೆ ಫೋನ್ ಮಾಡೆಲ್ ಹಾಕಿ ಹುಡುಕಿ.

ಮನೇಲಿ ಲ್ಯಾಪ್‌ಟಾಪ್ ಇದೆಯಾ? ಒಂದು ಎಚ್‌ಡಿಎಂಐ ಕೇಬಲ್ ತಗೊಂಡು ನೇರ ಟಿವಿಗೆ ಹಾಕಿ, ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಆನ್ ಮಾಡಿ. ಟಿವಿ ಚಿತ್ರವನ್ನ ತಿದ್ದಿ ತೀಡೋ ಕೆಲಸ ಬಿಡುತ್ತೆ, ತಡ ಕಡಿಮೆ ಆಗುತ್ತೆ. ನಾನು ಅಣ್ಣನ ಹಳೇ ಲ್ಯಾಪ್‌ಟಾಪಲ್ಲಿ ಹೀಗೇ ಆಡೋದು. ಲ್ಯಾಪ್‌ಟಾಪ್ ಬೇರೆ ಕೋಣೇಲಿದ್ರೆ ಬಾಕ್ಸಿಗೆ ಸ್ಟೀಮ್ ಲಿಂಕ್ ಆ್ಯಪ್ ಹಾಕಿ. ಗೇಮ್ ಓಡೋದು ಲ್ಯಾಪ್‌ಟಾಪಲ್ಲಿ, ಚಿತ್ರ ಮಾತ್ರ ಮನೆ ವೈಫೈಯಲ್ಲೇ ಟಿವಿಗೆ ಬರುತ್ತೆ, ಇಂಟರ್‌ನೆಟ್ ಡೇಟಾ ಅದಕ್ಕೆ ಖರ್ಚಾಗಲ್ಲ. ಬ್ಲೂಟೂತ್ ಕಂಟ್ರೋಲರ್ ಒಂದು ಇದ್ರೆ ಮುಗೀತು. ಬಾಕ್ಸ್ ಹಳೇದಾದ್ರೂ ಕಂಟ್ರೋಲರ್ ನಿಮ್ಮ ಜೊತೆ ಹಾಸ್ಟೆಲ್‌ಗೂ ಬರುತ್ತೆ.

ಕ್ಲೌಡ್ ಗೇಮಿಂಗ್ ಅನ್ನೋರಿಗೆ ಒಂದೇ ಹೆಸರು: ಸ್ಟೇಡಿಯಾ. ಗೂಗಲ್‌ನಂಥ ಗೂಗಲ್ ನಡೆಸಿದ್ದು, 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ದುಡ್ಡು ವಾಪಸ್ ಕೊಟ್ಟರು, ಆದ್ರೆ ಆಡಿದ ಗೇಮ್ ಅಲ್ಲಿಗೆ ಮುಗೀತು. ಕಂಪನಿ ಮೇಲೆ ನಿಂತ ಸಾಮಾನು ಹಿಂಗೇ. 2015ರ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ನೆನಪಿದೆಯಾ? 2025ರ ಮಾರ್ಚಲ್ಲಿ ಒಂದು ಸರ್ಟಿಫಿಕೇಟಿನ ಅವಧಿ ಮುಗಿದು, ಚೆನ್ನಾಗಿದ್ದವೇ ಒಂದೇ ದಿನ ಕಾಸ್ಟ್ ಮಾಡೋದು ನಿಲ್ಲಿಸಿದ್ವು. ಗೂಗಲ್ ಅಪ್‌ಡೇಟ್ ಕಳಿಸಿದ ಮೇಲೆ ಸರಿಹೋದವು. ಬ್ರ್ಯಾಂಡ್ ಹೆಸರೇ ಇಲ್ಲದ ಡಬ್ಬಕ್ಕೆ ಆ ಅಪ್‌ಡೇಟ್ ಕಳಿಸೋರು ಯಾರು?

7/7
ಹೊಸ ಬಾಕ್ಸ್ ತಂದ ದಿನ ನಾನು ಸ್ಪೀಡ್ ಟೆಸ್ಟ್ ಮಾಡ್ಲಿಲ್ಲ. ಅಜ್ಜಿ ಬೇಡದ ಆ್ಯಪ್ ಎಲ್ಲ ತೆಗೆದು, ನಾಲ್ಕೇ ಉಳಿಸಿ, ಅವರ ಸೀರಿಯಲ್ ಬರೋದನ್ನ ಮೊದಲಿಗಿಟ್ಟೆ. ಟಿವಿ ಸೆಟ್ಟಿಂಗಲ್ಲಿ ಸಿಇಸಿ ಅಂತ ಒಂದಿರುತ್ತೆ (ಕೆಲವು ಕಂಪನಿಗಳು ಬೇರೆ ಹೆಸರು ಇಟ್ಟಿರ್ತವೆ), ಅದನ್ನ ಆನ್ ಮಾಡಿದೆ. ಈಗ ಬಾಕ್ಸಿನ ರಿಮೋಟ್ ಒತ್ತಿದ್ರೆ ಟಿವಿನೂ ಆನ್ ಆಗುತ್ತೆ. ಎರಡು ರಿಮೋಟ್ ತಾಪತ್ರಯ ಇಲ್ಲ. ಬಾಣಾನೂ ಇಲ್ಲ. ಎಡಕ್ಕೆ, ಬಲಕ್ಕೆ, ನಡುವಿನ ಗುಂಡಿ, ಅಷ್ಟೇ. ಹಿಂದೆ ಬರೋ ಗುಂಡಿಗೆ ಅಮ್ಮ ಕೆಂಪು ನೇಲ್ ಪಾಲಿಶ್ ಹಚ್ಚಿದ್ದಾರೆ.

ಚಂದನಕ್ಕೆ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ತೋರಿಸಿದೆ. ಅಜ್ಜಿ ನೋಡಿ, "ಕೇಬಲ್‌ನಲ್ಲಿ ನಂಬರ್ ಒತ್ತಿದ್ರೆ ಬರ್ತಿತ್ತಲ್ಲ" ಅಂದರು. ವಾದ ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕೇಬಲ್ ಮತ್ತೆ ಹಾಕಿಸಿದ್ವಿ, ಸಣ್ಣ ಪ್ಯಾಕು, ಅದರ ದುಡ್ಡು ನನ್ನ ಪಾಕೆಟ್ ಮನಿಯಿಂದ. ಸೀರಿಯಲ್ ತಪ್ಪಿಹೋದ ದಿನ ಮಾತ್ರ ಬಾಕ್ಸಲ್ಲಿ ನೋಡ್ತಾರೆ, ಯಾರನ್ನೂ ಕರೆಯದೆ, ತಾವೇ.

ಹಳೇ ಬಾಕ್ಸ್ ಇನ್ನೂ ಅಟ್ಟದ ಮೇಲಿದೆ. ತೋರಿಸ್ಬೇಕು ಅನ್ನೋರಿಗೆ ತೋರಿಸ್ತೀನಿ, ಆನ್ ಮಾಡಲ್ಲ. ನಿಮ್ಮ ಮನೆ ಟಿವಿ ಎಷ್ಟು ಇಂಚು, ನೆಟ್ ಯಾವುದು, ಹಗಲು ರಿಮೋಟ್ ಯಾರ ಕೈಲಿರುತ್ತೆ, ಈ ಮೂರು ಬರೆದು ಕಾಮೆಂಟ್ ಹಾಕಿ. ಯಾವ ಬಾಕ್ಸ್ ಅಂತ ಅಲ್ಲೇ ಹೇಳ್ತೀನಿ. ಪ್ರಾಸೆಸರ್ ಹೆಸರು ಬರೆದು ಕೇಳಿದ್ರೆ ರಿಪ್ಲೈ ಮಾಡಲ್ಲ.

#ಕಡೂರು #ತರೀಕೆರೆ #ಅಜ್ಜಂಪುರ #ಟಿವಿಬಾಕ್ಸ್