ವೇಗವೂ ವ್ಯಯವೂ



ವಿದ್ಯುತ್ ಕಾರು ಕೊಂಡ ಕುಟುಂಬಗಳಿಂದ ಇತ್ತೀಚೆಗೆ ಒಂದು ದೂರು ಕೇಳಿಬರುತ್ತಿದೆ: ಮಾರುವಾಗ ಹೇಳಿದಷ್ಟು ದೂರ ಅದು ಓಡುವುದಿಲ್ಲವೆಂದು. ಇದರಲ್ಲಿ ಸತ್ಯಾಂಶವುಂಟು. ಆ ಅಂಕೆಯು ಪರೀಕ್ಷಾಲಯದಲ್ಲಿ, ನಿಯತವಾದ ವೇಗಕ್ರಮದಲ್ಲಿ ಓಡಿಸಿ ಪಡೆದದ್ದು. ಮಳೆ, ಏರು, ಅವಸರಗಳು ಅಲ್ಲಿಲ್ಲ. ಆದರೆ ಉಳಿದ ಸತ್ಯಾಂಶವು ಚಾಲಕನ ಪಾದದಡಿಯಲ್ಲಿಯೇ ಇದೆ.

2001ರಲ್ಲಿ ಬೆಂಗಳೂರಿನಿಂದ ಚೇತನ್ ಮೈನಿಯವರ 'ರೇವಾ' ಎಂಬ ಪುಟ್ಟ ಕಾರು ಹೊರಬಂದಾಗ ಅದು ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಇಂದಿನ ಕಾರುಗಳ ಸಾಮರ್ಥ್ಯ ಅದರ ಹಲವು ಪಟ್ಟು. ಆದರೂ ವ್ಯಯದ ನಿಯಮ ಅಂದಿನದೇ.

ಮೊದಲನೆಯದು ವೇಗ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಬ್ರಹ್ಮಾವರದಿಂದ ಕುಂದಾಪುರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 60ರ ಬದಲು 90ರ ವೇಗದಲ್ಲಿ ಹೋದರೆ ಆ ತಡೆ ಎರಡೂಕಾಲು ಪಟ್ಟಾಗುತ್ತದೆ. ಉಳಿಯುವ ಕಾಲವೋ ಏಳೆಂಟು ನಿಮಿಷ ಮಾತ್ರ.

ಎರಡನೆಯದು ಏರು. ಹೆಬ್ರಿ, ಸೋಮೇಶ್ವರಗಳ ಮೂಲಕ ಆಗುಂಬೆಯನ್ನೇರಿ ತೀರ್ಥಹಳ್ಳಿ, ಶಿವಮೊಗ್ಗಗಳ ಬಂಧುಗಳ ಮನೆಗೆ ಹೋಗುವವರು ಇದನ್ನು ಗಮನಿಸಬೇಕು. ಆಗುಂಬೆಯ ಎತ್ತರ ಸುಮಾರು 640 ಮೀಟರ್. ಒಂದೂವರೆ ಟನ್ ಭಾರದ ಕಾರನ್ನು ಅಷ್ಟೆತ್ತರಕ್ಕೆ ಒಯ್ಯಲು, ಮೋಟಾರಿನ ನಷ್ಟವೂ ಸೇರಿ, ಸುಮಾರು ಮೂರು ಯೂನಿಟ್ ವಿದ್ಯುತ್ತು ಹೆಚ್ಚುವರಿಯಾಗಿ ಬೇಕು. ನೂರು ಕಿಲೋಮೀಟರಿಗೆ ಹದಿನೈದು ಯೂನಿಟ್ ಬಳಸುವ ಕಾರಿಗೆ ಇದು ಇಪ್ಪತ್ತು ಕಿಲೋಮೀಟರ್ ಸಮತಟ್ಟಾದ ದಾರಿಗೆ ಸಮ. ಇಳಿಯುವಾಗ ಮೋಟಾರೇ ಜನರೇಟರಾಗಿ ಇದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಆ ಪಾಲಿಗೆ ಸ್ಥಳವಿರದು. ಆದುದರಿಂದ ಘಾಟಿಯ ಮೇಲ್ಗಡೆ ಪೂರ್ಣ ಚಾರ್ಜು ಮಾಡಿ ಇಳಿಯುವುದು ಜಾಣತನವಲ್ಲ.

ಮೂರನೆಯದು ಅಭ್ಯಾಸ. ಥಟ್ಟನೆ ವೇಗ ಹೆಚ್ಚಿಸಿ ಥಟ್ಟನೆ ಬ್ರೇಕ್ ಹಾಕುವವನು ಗಳಿಸಿದ್ದನ್ನು ಶಾಖವಾಗಿ ಚೆಲ್ಲುತ್ತಾನೆ. ದೂರದಿಂದಲೇ ನೋಡಿ ಮೆಲ್ಲನೆ ನಿಧಾನಿಸುವವನು ಅದನ್ನು ಮರಳಿ ಪಡೆಯುತ್ತಾನೆ. ಎ.ಸಿ.ಯ ವ್ಯಯ ದೂರದ ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು. ವಾಹನಗಳ ದಟ್ಟಣೆಯಲ್ಲಿ ನಿಂತಷ್ಟೂ ಅದು ದುಬಾರಿ. ಗಾಳಿ ಕಡಿಮೆಯಾದ ಟಯರು, ನೀರು ನಿಂತ ರಸ್ತೆ ಇವೂ ದೂರವನ್ನು ಕುಗ್ಗಿಸುತ್ತವೆ. ಬ್ಯಾಟರಿಯನ್ನು ಸೊರಗಿಸುವ ನಾರ್ವೆಯಂತಹ ದೇಶಗಳ ಚಳಿ ನಮ್ಮ ಕರಾವಳಿಗಿಲ್ಲವೆಂಬುದೊಂದು ಸಮಾಧಾನ.

ಮುಂಗಾರಿನ ರಾತ್ರಿ, ಹಿಂದಿನ ಆಸನದಲ್ಲಿ ವೃದ್ಧೆ ತಾಯಿ, ಮಡಿಲ ಮಗು. ಘಾಟಿಯ ನಡುವೆ ಬ್ಯಾಟರಿ ಬರಿದಾದರೆ ಯಾರನ್ನು ದೂರುವುದು? ಕಾರಿನ ಪರದೆ ತೋರಿಸುವ ದೂರವು ಹಿಂದಿನ ಓಟವನ್ನು ಆಧರಿಸಿದ ಅಂದಾಜು. ಮುಂದಿನ ಏರಿನ ಭರವಸೆಯಲ್ಲ. ದಾರಿಯ ಲೆಕ್ಕವನ್ನು ಮೊದಲೇ ಹಾಕಿ, ತಲುಪುವಾಗ ಐದನೆಯ ಒಂದು ಭಾಗವಾದರೂ ಉಳಿಯುವಂತೆ ಹೊರಡುವುದು ಗೃಹಸ್ಥನ ಕರ್ತವ್ಯ.

ದೊರೆತುದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸಿ, ಕಣವನ್ನೂ ಚೆಲ್ಲದಿರುವುದು ಶರಣಧರ್ಮದ ಆಚಾರ. ತಟ್ಟೆಯಲ್ಲಿ ಅನ್ನದ ಅಗುಳನ್ನು ಬಿಡದ ನಾವು, ಯಾರದೋ ಕಾಯಕದ ಫಲವಾಗಿ ಮನೆಗೆ ಬಂದ ವಿದ್ಯುತ್ತನ್ನು ಅವಸರಕ್ಕೆ ಚೆಲ್ಲುವುದು ಉಚಿತವಲ್ಲ.