ಮನೆಯೊಳಗಿನ ವಿದ್ಯಾರ್ಥಿ

ಇಂದು ನಮ್ಮ ಅನೇಕ ಮನೆಗಳಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾರೆ. ಆದರೆ ಮನೆಯವರು ಅವರನ್ನು ವಿದ್ಯಾರ್ಥಿಯೆಂದು ಕಾಣುವುದು ಅಪರೂಪ. ಅವರು ಸಮವಸ್ತ್ರ ಧರಿಸುವುದಿಲ್ಲ, ಗಂಟೆ ಬಾರಿಸಿದೊಡನೆ ತರಗತಿಗೆ ಓಡುವುದಿಲ್ಲ, ಪ್ರತಿದಿನ ಪಾಠ ಒಪ್ಪಿಸುವುದಿಲ್ಲ. ಅವರು ಹೊಲಕ್ಕೆ ಹೋಗಿ ಬರುವ ಮಗನಿರಬಹುದು, ಅಂಗಡಿಯ ಲೆಕ್ಕ ಬರೆಯುವ ತಮ್ಮನಿರಬಹುದು, ಮೂವರ ಊಟದ ಡಬ್ಬಿ ಕಟ್ಟಿ ತಾನೂ ಕೆಲಸಕ್ಕೆ ಹೊರಡುವ ಸೊಸೆಯಿರಬಹುದು. ದೂರಶಿಕ್ಷಣದಲ್ಲಿ ಪದವಿ ಓದುತ್ತಿರುವ ಇಂಥವರ ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತು ಈ ಸಂಚಿಕೆಯಲ್ಲಿ ಸದ್ಭಕ್ತರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಅಂಚೆಯ ಮೂಲಕ ಕಲಿಯುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ದೇಶದ ಮಟ್ಟದಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಿಂದ ಈ ಕಾರ್ಯದಲ್ಲಿ ತೊಡಗಿದೆ. ಬಡತನದಿಂದ, ಮದುವೆಯಿಂದ, ಮನೆಯ ಹೊಣೆಯಿಂದ ಓದು ಬಿಟ್ಟವರಿಗೆ ಇದು ಮತ್ತೆ ತೆರೆದ ಬಾಗಿಲು. ಆ ಬಾಗಿಲಿನ ಒಳಗೆ ಹೋದವರ ಪೈಕಿ ಕೆಲವರು ನಡುದಾರಿಯಲ್ಲಿಯೇ ಹಿಂದಿರುಗುತ್ತಿರುವುದೇಕೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ನಾವು ಬಲ್ಲ ಒಬ್ಬ ಸೋದರಿ ಅಂಗನವಾಡಿ ಕಾರ್ಯಕರ್ತೆ. ಮದುವೆಯಾದ ಹದಿನಾಲ್ಕು ವರ್ಷಗಳ ಮೇಲೆ ಬಿ.ಎ. ಪದವಿಗೆ ಹೆಸರು ನೋಂದಾಯಿಸಿದರು. ಪುಸ್ತಕಗಳ ಕಟ್ಟು ಬಂದ ದಿನ ಅದಕ್ಕೆ ಹೂವೇರಿಸಿ ಕಪಾಟಿನಲ್ಲಿಟ್ಟರು. ಆದರೆ ರಾತ್ರಿ ಎಲ್ಲರ ಊಟ ಮುಗಿದು, ಒಲೆ ಕಟ್ಟೆ ಒರೆಸಿ, ಹತ್ತೂವರೆಗೆ ಪುಸ್ತಕ ತೆರೆದರೆ ಎರಡನೆಯ ಪುಟಕ್ಕೇ ಕಣ್ಣು ಮುಚ್ಚುತ್ತಿದ್ದವು. ಪರೀಕ್ಷೆ ಹತ್ತಿರವಾದಂತೆ ತಲೆನೋವು, ಹುಳಿತೇಗು, ನಿದ್ರಾಹೀನತೆ ಜೊತೆಗೂಡಿದವು. ಎರಡು ವಿಷಯಗಳಲ್ಲಿ ಅನುತ್ತೀರ್ಣರಾದಾಗ “ನನ್ನ ತಲೆಗೆ ಇದು ಹತ್ತುವುದಿಲ್ಲ” ಎಂದು ಕಣ್ಣೀರಿಟ್ಟರು. ಮನೆಯವರೂ “ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು” ಎಂದರು. ನಮ್ಮ ಅಭಿಪ್ರಾಯ ಬೇರೆ. ಆ ತಾಯಿಯ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಮನೆಯ ದಿನಚರಿಯಲ್ಲಿ ಓದಿಗೆ ಒಂದು ಗಳಿಗೆಯ ಜಾಗವನ್ನು ಯಾರೂ ಮಾಡಿಕೊಟ್ಟಿರಲಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಇಗ್ನೋ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಅಧ್ಯಯನ. ನಾಲ್ಕು ಕ್ರೆಡಿಟ್‌ಗಳ ಒಂದು ಪತ್ರಿಕೆಗೆ 120 ಗಂಟೆಗಳು ಬೇಕು. ಓದುವುದು, ಟಿಪ್ಪಣಿ ಮಾಡುವುದು, ನಿಯೋಜಿತ ಬರಹಗಳನ್ನು ಬರೆಯುವುದು ಎಲ್ಲವೂ ಇದರಲ್ಲಿ ಸೇರಿವೆ. ಇದನ್ನು 24 ವಾರಗಳಿಗೆ ಹಂಚಿದರೆ ವಾರಕ್ಕೆ ಐದು ಗಂಟೆ, ದಿನಕ್ಕೆ ಮುಕ್ಕಾಲು ಗಂಟೆಗಿಂತ ಕಡಿಮೆ. ಇದು ಯಾರಿಗೂ ಭಾರವಲ್ಲ. ಆದರೆ “ಪರೀಕ್ಷೆಗೆ ಮುಂಚೆ ಹದಿನೈದು ದಿನ ರಜೆ ಹಾಕಿ ಓದಿಬಿಡುತ್ತೇನೆ” ಎನ್ನುವವರು ದಿನಕ್ಕೆ ಎಂಟು ಗಂಟೆ ಕುಳಿತರೂ ದೊರೆಯುವುದು ಅದೇ 120 ಗಂಟೆ, ಅಂದರೆ ಒಂದೇ ಪತ್ರಿಕೆಯ ಓದು. ನಾಲ್ಕು ಪತ್ರಿಕೆಗಳಿದ್ದರೆ ಉಳಿದ ಮೂರರ ಗತಿಯೇನು? ಆ ಹದಿನೈದು ದಿನಗಳ ಆತಂಕ, ಅಜೀರ್ಣ, ತಲೆಸುತ್ತುಗಳ ಬೇರು ಈ ಲೆಕ್ಕದಲ್ಲಿದೆ. ಆದ್ದರಿಂದ ಹೆಸರು ನೋಂದಾಯಿಸುವ ಮುನ್ನವೇ ತನಗೆ ವಾರಕ್ಕೆ ಎಷ್ಟು ಗಂಟೆ ದೊರೆಯುತ್ತದೆ ಎಂದು ಪ್ರಾಮಾಣಿಕವಾಗಿ ಎಣಿಸಿಕೊಳ್ಳಬೇಕು. ಅವಕಾಶವಿರುವ ಕಡೆ ಕಡಿಮೆ ಪತ್ರಿಕೆಗಳನ್ನು ತೆಗೆದುಕೊಂಡು ನಿಧಾನವಾಗಿ ನಡೆಯುವುದರಲ್ಲಿ ಅವಮಾನವೇನಿಲ್ಲ.

ಎರಡನೆಯದು ಕಾಲ ಮತ್ತು ಸ್ಥಳ. ಕಾಲೇಜಿಗೆ ಹೋಗುವವರಿಗೆ ವೇಳಾಪಟ್ಟಿಯನ್ನು ಕಾಲೇಜು ಕೊಡುತ್ತದೆ. ಮನೆಯಲ್ಲಿ ಓದುವವರು ಅದನ್ನು ತಾವೇ ಕಟ್ಟಿಕೊಳ್ಳಬೇಕು. ದಿನವೂ ಒಂದೇ ಹೊತ್ತು, ಒಂದೇ ಜಾಗ ಇರಲಿ. ಅದು ಪಡಸಾಲೆಯ ಒಂದು ಮೂಲೆಯಾದರೂ ಸಾಕು. ಆ ಮೂಲೆಯಲ್ಲಿ ಕುಳಿತೊಡನೆ ಮನಸ್ಸು ತಾನಾಗಿಯೇ ಓದಿಗೆ ಹೊಂದಿಕೊಳ್ಳುವ ಅಭ್ಯಾಸ ಕೆಲವು ವಾರಗಳಲ್ಲಿ ಬೆಳೆಯುತ್ತದೆ. ಬೆಳಗಿನ ಐದರಿಂದ ಆರರವರೆಗಿನ ಒಂದು ಗಂಟೆ, ದಣಿದ ರಾತ್ರಿಯ ಎರಡು ಗಂಟೆಗಳಿಗಿಂತ ಹಲವರಿಗೆ ಹೆಚ್ಚು ಫಲ ಕೊಡುತ್ತದೆ. ಆದರೆ ಬೇಗ ಏಳಬೇಕಾದರೆ ಬೇಗ ಮಲಗಬೇಕು. ನಿದ್ದೆಯನ್ನು ಕತ್ತರಿಸಿ ಓದಿಗೆ ಸೇರಿಸಿದರೆ ಎರಡೂ ಕೆಡುತ್ತವೆ. ಓದುವಾಗ ಮೊಬೈಲು ಬೇರೆ ಕೋಣೆಯಲ್ಲಿರಲಿ. ಪಾಠವೇ ಮೊಬೈಲಿನಲ್ಲಿದ್ದರೆ ಉಳಿದ ಸದ್ದುಗಳನ್ನಾದರೂ ನಿಲ್ಲಿಸಬೇಕು.

ಮೂರನೆಯದು ಓದುವ ಬಗೆ. ನಮ್ಮಲ್ಲಿ ಬಹುಪಾಲು ಜನರು ಒಂದೇ ಪುಟವನ್ನು ನಾಲ್ಕಾರು ಸಲ ಓದುವುದನ್ನೇ ಅಧ್ಯಯನವೆಂದು ತಿಳಿದಿದ್ದಾರೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರ ಹೆಚ್ಚಿನ ಭಾಗವು ಕಲಿತ ಮೊದಲ ಕೆಲವು ಗಂಟೆ, ದಿನಗಳಲ್ಲಿಯೇ ಮರೆತುಹೋಗುತ್ತದೆ ಎಂದು 1885ರಲ್ಲಿ ತೋರಿಸಿದನು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಿಸಿದರು. ಮತ್ತೆ ಕೆಲವರಿಗೆ ಪಾಠವನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರೇ ಮುಂದಾದರು. ನಮ್ಮ ಹಿರಿಯರು ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಪದ್ಧತಿಯಲ್ಲಿಯೂ ಇದೇ ಗುಟ್ಟು ಅಡಗಿತ್ತು.

ಆದ್ದರಿಂದ ಅರ್ಧ ಗಂಟೆ ಓದಿ ಪುಸ್ತಕ ಮುಚ್ಚಿರಿ. ಓದಿದ್ದನ್ನು ಐದಾರು ವಾಕ್ಯಗಳಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅನಂತರ ಪುಸ್ತಕ ತೆರೆದು ಬಿಟ್ಟುಹೋದುದನ್ನು ಗುರುತಿಸಿರಿ. ಅದನ್ನೇ ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಪುಸ್ತಕ ಹಿಡಿಯಲಾಗದ ಹೊತ್ತೂ ಇದಕ್ಕೆ ಒದಗುತ್ತದೆ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಎತ್ತುಗಳಿಗೆ ನೀರು ಕುಡಿಸುವಾಗ ನಿನ್ನೆಯ ಪಾಠವನ್ನು ಮನಸ್ಸಿನಲ್ಲಿಯೇ ಒಪ್ಪಿಸಿಕೊಳ್ಳಬಹುದು. ನಿಯೋಜಿತ ಬರಹಗಳನ್ನು ಇನ್ನೊಬ್ಬರಿಂದ ನಕಲು ಮಾಡಿ ಕಳುಹಿಸುವ ರೂಢಿ ಕೆಲವರಲ್ಲಿದೆ. ಇದು ತಮಗೆ ತಾವೇ ಮಾಡಿಕೊಳ್ಳುವ ನಷ್ಟ. ಇಗ್ನೋದ ಹಲವು ಕೋರ್ಸುಗಳಲ್ಲಿ ಈ ಬರಹಗಳಿಗೆ ನೂರಕ್ಕೆ ಮೂವತ್ತರಷ್ಟು ಮಹತ್ವವಿದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಸ್ವತಃ ಬರೆದವರಿಗೆ ಪರೀಕ್ಷಾ ಕೊಠಡಿಯಲ್ಲಿ ಪೆನ್ನು ಹಿಡಿಯುವ ಭಯ ಅರ್ಧ ಕಡಿಮೆಯಾಗಿರುತ್ತದೆ.

ಇನ್ನು ಶರೀರದ ವಿಚಾರ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕೆಂಬುದು ವೈದ್ಯರ ಸಲಹೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವ ಕಾರ್ಯ ನಿದ್ದೆಯಲ್ಲಿಯೂ ನಡೆಯುತ್ತಿರುತ್ತದೆ. ನಿದ್ದೆಗೆಟ್ಟು ಓದಿದವರು ಬಿತ್ತಿದ ಬೀಜದ ಮೇಲೆ ಮಣ್ಣು ಮುಚ್ಚದೆ ಬಂದವರಂತೆ. ಚಹಾ ಕಾಫಿಗಳಲ್ಲಿನ ಕೆಫೀನಿನ ಅರ್ಧ ಭಾಗ ದೇಹದಲ್ಲಿ ಕರಗಲು ಸುಮಾರು ಐದು ಗಂಟೆ ಬೇಕಾಗುತ್ತದೆ. ಸಂಜೆಯ ಮೇಲೆ ಅವುಗಳನ್ನು ಬಿಡುವುದು ಲೇಸು. ಮೊಬೈಲಿನಲ್ಲಿ ಪಾಠ ಕೇಳುವವರು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಹಾಸಿಗೆಯಲ್ಲಿ ಬಾಗಿ ಮಲಗಿ ಓದಿದರೆ ಕತ್ತು ನೋಯುತ್ತದೆ, ನಿದ್ದೆಯೂ ಬರುತ್ತದೆ. ಬೆನ್ನು ನೇರವಾಗಿರಲಿ, ಪುಸ್ತಕ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಪರೀಕ್ಷೆಯ ದಿನ ಎದೆ ಹೊಡೆದುಕೊಂಡರೆ ನಿಧಾನವಾಗಿ ಉಸಿರೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡಿರಿ. ಹತ್ತು ಸಲ ಹೀಗೆ ಮಾಡಿದರೆ ದೇಹ ಶಾಂತವಾಗತೊಡಗುತ್ತದೆ.

ಇವೆಲ್ಲಕ್ಕಿಂತ ಕಠಿಣವಾದುದು ಒಂಟಿತನ. ತರಗತಿಯಲ್ಲಿ ಕುಳಿತ ಹುಡುಗನಿಗೆ ಪಾಠ ತಿಳಿಯದಿದ್ದರೆ ಪಕ್ಕದವನಿಗೂ ತಿಳಿದಿಲ್ಲವೆಂದು ಕಂಡು ಸಮಾಧಾನವಾಗುತ್ತದೆ. ಮನೆಯಲ್ಲಿ ಒಬ್ಬರೇ ಓದುವವರಿಗೆ ತಾವೊಬ್ಬರೇ ದಡ್ಡರೆಂಬ ಭಾವನೆ ಬೇಗ ಮೂಡುತ್ತದೆ. ಇದಕ್ಕೆ ಔಷಧ ಜೊತೆಗಾರರು. ಅಧ್ಯಯನ ಕೇಂದ್ರದಲ್ಲಿ ನಡೆಯುವ ಸಂಪರ್ಕ ತರಗತಿಗಳನ್ನು ಸಾಧ್ಯವಾದಷ್ಟು ತಪ್ಪಿಸಬೇಡಿರಿ. ಪಾಠ ಎಷ್ಟು ತಿಳಿಯಿತೆಂಬುದಕ್ಕಿಂತ, ಅಲ್ಲಿ ನಿಮ್ಮಂತೆಯೇ ಕೆಲಸ ಬಿಟ್ಟು ಬಂದ ನಾಲ್ವರ ಪರಿಚಯವಾಗುವುದೇ ದೊಡ್ಡದು. ಒಂದೇ ಊರಿನಲ್ಲಿ ಇಬ್ಬರು ಮೂವರು ಓದುವವರಿದ್ದರೆ ವಾರಕ್ಕೊಮ್ಮೆ ಸೇರಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಅದಕ್ಕೆ ಒದಗೀತು; ಶಾಲೆಯ ಕೊಠಡಿ, ಮಠದ ಜಗಲಿಯೂ ಆದೀತು. ಒಬ್ಬರು ಒಂದು ಅಧ್ಯಾಯವನ್ನು ಉಳಿದವರಿಗೆ ವಿವರಿಸಲಿ. ಇನ್ನೊಬ್ಬರಿಗೆ ತಿಳಿಹೇಳುವಾಗಲೇ ನಮಗೆ ಯಾವುದು ತಿಳಿದಿಲ್ಲ ಎಂಬುದು ಗೊತ್ತಾಗುತ್ತದೆ.

ಅನುತ್ತೀರ್ಣರಾದವರಿಗೆ ಒಂದು ಮಾತು. ಮುಕ್ತ ವಿಶ್ವವಿದ್ಯಾಲಯಗಳು ದುಡಿಯುವವರ ಕಷ್ಟವನ್ನು ಅರಿತೇ ನಿಯಮಗಳನ್ನು ಮಾಡಿವೆ. ಇಗ್ನೋದ ಮೂರು ವರ್ಷಗಳ ಬಿ.ಎ. ಪದವಿಯನ್ನು ಮುಗಿಸಲು ಆರು ವರ್ಷಗಳವರೆಗೆ ಕಾಲಾವಕಾಶವಿದೆ. ಹೆರಿಗೆ, ಸುಗ್ಗಿ, ಮನೆಯಲ್ಲಿ ಕಾಯಿಲೆ ಬಂದು ಒಂದು ವರ್ಷ ತಪ್ಪಿದರೂ ದಾರಿ ಮುಚ್ಚುವುದಿಲ್ಲ. ಆದರೆ ಎರಡು ವಾರಗಳಿಗೂ ಮೀರಿ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸತೊಡಗಿದರೆ ಅದನ್ನು ಪರೀಕ್ಷೆಯ ಭಯವೆಂದು ತಳ್ಳಿಹಾಕಬಾರದು. ಬದುಕು ಬೇಡವೆಂಬ ಮಾತು ಬಾಯಿಂದ ಬಂದರಂತೂ ಎರಡು ವಾರ ಕಾಯದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರ ಬಂದಾಗ ನಾಚದವರು ಮನಸ್ಸು ದಣಿದಾಗ ನಾಚಬೇಕಿಲ್ಲ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ನಮ್ಮ ವಿನಂತಿ. ಮೇಲೆ ಹೇಳಿದ ಯಾವ ಉಪಾಯವೂ ನಿಮ್ಮ ಸಹಕಾರವಿಲ್ಲದೆ ನಡೆಯದು. ಸೊಸೆಯ ಹೆಸರು ನೋಂದಾಯಿಸಲು ಶುಲ್ಕ ಕಟ್ಟಿದೊಡನೆ ನಿಮ್ಮ ಕರ್ತವ್ಯ ಮುಗಿಯಲಿಲ್ಲ. ಆಕೆಗೆ ಹಣಕ್ಕಿಂತ ಬೇಕಾದುದು ಯಾರೂ ಕೂಗಿ ಕರೆಯದ ಒಂದು ಗಂಟೆ. ಆ ಗಂಟೆಯಲ್ಲಿ ಮಗುವನ್ನು ಅಜ್ಜ ಎತ್ತಿಕೊಳ್ಳಲಿ, ಚಹಾವನ್ನು ಗಂಡ ಕಾಸಲಿ, ಟಿ.ವಿ.ಯ ಸದ್ದು ತಗ್ಗಲಿ, ಬಂದ ನೆಂಟರಿಗೆ “ಅವಳು ಓದುತ್ತಿದ್ದಾಳೆ” ಎಂದು ಹೆಮ್ಮೆಯಿಂದ ಹೇಳಿರಿ. ದುಡಿಮೆಗೆ ಕಾಯಕವೆಂಬ ಗೌರವ ಕೊಟ್ಟ ಪರಂಪರೆ ನಮ್ಮದು. ಮನೆಯಲ್ಲಿ ಓದುತ್ತಿರುವವರ ಓದಿಗೂ ಆ ಗೌರವ ಸಲ್ಲಬೇಕು.

ಮೇಲೆ ಹೇಳಿದ ಸೋದರಿಯ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟೇ. ಅವರ ಅತ್ತೆಯವರು ಒಂದು ದಿನ ತಾವಾಗಿಯೇ “ಬೆಳಗಿನ ರೊಟ್ಟಿ ನಾ ಬಡೀತೀನಿ, ನೀ ಓದಕೋ ಹೋಗವಾ” ಎಂದರು. ಅಂದಿನಿಂದ ಐದರಿಂದ ಆರೂವರೆಯವರೆಗೆ ಪಡಸಾಲೆಯ ಮೂಲೆ ಅವರದಾಯಿತು. ಬಾಕಿ ಉಳಿದಿದ್ದ ಎರಡು ವಿಷಯಗಳಲ್ಲಿ ಒಂದು ಮುಗಿದಿದೆ. ಇನ್ನೊಂದಕ್ಕೆ ಸಿದ್ಧತೆ ನಡೆದಿದೆ. ತಲೆಗೆ ಹತ್ತುವುದಿಲ್ಲವೆಂಬ ಮಾತನ್ನು ಅವರು ಆಮೇಲೆ ಆಡಿದ್ದನ್ನು ನಾವು ಕೇಳಿಲ್ಲ. ಪ್ರತಿ ಮನೆಯಲ್ಲಿಯೂ ಓದುವವರಿಗೆ ಇಂಥ ಒಂದು ಮೂಲೆ, ಇಂಥ ಒಂದು ಹೊತ್ತು ದೊರೆಯಲೆಂದು ಹಾರೈಸುತ್ತೇವೆ.