ಬಂಗಿಗೆ ಕ್ರೀಮ್ ಕೇಳೋ ಮೊದಲು ಕಾರಣ ಕೇಳಿ

1/8
"ಅಣ್ಣಾ, ಬಂಗಿಗೆ ಒಂದು ಕ್ರೀಮ್ ಕೊಡಿ."

ಈ ಮಾತು ಯಾವ ಊರಿನ ಮೆಡಿಕಲ್ ಶಾಪಿಗೂ ಹೊಸದಲ್ಲ. ಎಷ್ಟು ತಿಂಗಳಿಂದ ಇದೆ, ಬಸುರಿನಾ, ಬೇರೆ ಮಾತ್ರೆ ತಗೋತಿದೀರಾ, ಯಾವ ಪ್ರಶ್ನೆಯೂ ಇಲ್ಲ. ಕೈ ಹಿಂದಿನ ಶೆಲ್ಫಿಗೆ ಹೋಗತ್ತೆ, ಒಂದು ಟ್ಯೂಬ್ ಬರತ್ತೆ. ಬಿಸ್ಕತ್ತು ಕೊಂಡಷ್ಟೇ ಸಲೀಸು.

ಇವತ್ತಿನ ಸರಣಿ ಆ ಟ್ಯೂಬಿನ ಮೇಲೆ. ನಿಮ್ಮ ಮನೇಲೂ ಒಂದಿದ್ರೆ ಎದ್ದು ಹೋಗಿ ತನ್ನಿ. ಪಕ್ಕದಲ್ಲಿಟ್ಕೊಂಡು ಓದಿ.

2/8
ಟ್ಯೂಬ್ ತಿರುಗಿಸಿ. ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಿವೆ ಅಲ್ವಾ? ಅಲ್ಲೇ ಇರೋದು ವಿಷಯ.

ಬಂಗಿಗೆ ಅಂತ ಕೊಡೋ ಎಷ್ಟೋ ಟ್ಯೂಬುಗಳಲ್ಲಿ ಮೂರು ಔಷಧಿ ಇರತ್ತೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಹೆಸರಿನ ಕೊನೆಗೆ "ಸೋನ್", "ಸೋಲ್", "ಲೋನ್" ಅಂತಿದ್ರೆ ಅನುಮಾನಪಡಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್ ಎಲ್ಲಾ ಸ್ಟೀರಾಯ್ಡೇ.

ಈ ಮೂರರ ಮಿಶ್ರಣ ಕಳ್ಳ ಔಷಧಿ ಅಲ್ಲ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ 1975ರಲ್ಲಿ ಇಂಥದ್ದೊಂದು ಸೂತ್ರ ಪ್ರಕಟಿಸಿದರು. ಇವತ್ತಿಗೂ ಡಾಕ್ಟರು ಬರೆದುಕೊಡ್ತಾರೆ. ಆದರೆ ಕೆಲವು ವಾರಕ್ಕೆ, ಕಣ್ಣಿಟ್ಟು ನೋಡ್ತಾ. ನಾವು ಹಚ್ಚೋದು ವರ್ಷಗಟ್ಟಲೆ, ಸ್ನೋ ಹಚ್ಚೋ ಹಾಗೆ, ಮುಖದ ತುಂಬಾ.

3/8
ಮೊದಲ ಕೆಲವು ವಾರ ಮುಖ ಹೊಳೆಯತ್ತೆ. ಓರಗಿತ್ತಿ "ಏನ್ ಹಚ್ತಿದೀಯ, ನಂಗೂ ಹೇಳು" ಅಂತಾಳೆ. ಒಂದು ಟ್ಯೂಬು ನಾಲ್ಕು ಮನೆ ಸೇರತ್ತೆ.

ಆಮೇಲೆ? ಸ್ಟೀರಾಯ್ಡಿನಿಂದ ಚರ್ಮ ತೆಳುವಾಗತ್ತೆ. ಬಿಸಿಲಿಗೆ ಹೋದ್ರೆ ಉರಿ. ಕೆನ್ನೆ ಕೆಂಪು, ಕೂದಲೆಳೆಯಂಥ ರಕ್ತನಾಳ ಕಾಣಿಸತ್ತೆ. ಮೊಡವೆ ಏಳತ್ತೆ, ಕೂದಲು ಬೆಳೆಯತ್ತೆ. ಹೆದರಿ ಬಿಟ್ರೆ ಉರಿ, ಕೆಂಪು, ಕಲೆ ಎಲ್ಲಾ ಹೆಚ್ಚಾಗತ್ತೆ. ಮತ್ತೆ ಅದೇ ಟ್ಯೂಬಿಗೆ ಓಡ್ತೀರಿ. ಹೈಡ್ರೋಕ್ವಿನೋನ್ ಲೆಕ್ಕವಿಲ್ಲದೆ ಹಚ್ಚಿದ ಕೆಲವರಿಗೆ ನೀಲಿಗಪ್ಪು ಬಣ್ಣ ಚರ್ಮದ ಆಳದಲ್ಲೇ ಕೂತುಬಿಡತ್ತೆ. ಅದನ್ನ ತೆಗೆಯೋದು ಬಂಗು ತೆಗೆಯೋದಕ್ಕಿಂತ ಕಷ್ಟ.

ಕಲೆ ಹೋಗಲಿ ಅಂತ ದುಡ್ಡು ಕೊಟ್ಟು ಕಲೆ ತಂದ್ಕೊಳ್ಳೋದು ಅಂದ್ರೆ ಇದೇ.

4/8
"ಹಾಗಿದ್ರೆ ಸರ್ಕಾರ ಯಾಕೆ ಮಾರೋಕೆ ಬಿಡತ್ತೆ?" ಅಂತ ಕೇಳ್ತೀರಿ. ಬಿಟ್ಟಿಲ್ಲ! 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚೋ ಸ್ಟೀರಾಯ್ಡುಗಳನ್ನ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸ್ತು. ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ.

ಕಾನೂನು ಇದೆ. ಟ್ಯೂಬಿನ ಮೇಲೆ ಎಚ್ಚರಿಕೆಯೂ ಇದೆ. ಅದನ್ನ ಓದಬೇಕಾದವರಿಗೆ ಓದೋಕೆ ಬರೋ ಭಾಷೆಯಲ್ಲಿ ಇಲ್ಲ, ಅಷ್ಟೇ. ಅಂಗಡಿಯವರಿಗೆ ವ್ಯಾಪಾರ, ಕಂಪನಿಗೆ ಲಾಭ, ಉರಿ ಮಾತ್ರ ನಿಮಗೆ. ಇದನ್ನ "ಸೈಡ್ ಎಫೆಕ್ಟ್" ಅನ್ನೋಕೆ ನಾನು ತಯಾರಿಲ್ಲ. ಇದು ಬೇಜವಾಬ್ದಾರಿ.

5/8
ಈಗ ಕಾರಣಕ್ಕೆ ಬನ್ನಿ. ಕಪ್ಪು ಕಲೆ ಅನ್ನೋದು ಒಂದೇ ಕಾಯಿಲೆ ಅಲ್ಲ.

▪️ ಎರಡೂ ಕೆನ್ನೆ, ಹಣೆ, ಮೇಲ್ದುಟಿ ಮೇಲೆ ಜೋಡಿ ಜೋಡಿಯಾಗಿ ಕಂದು ಕಲೆ: ಬಂಗು ಇರಬಹುದು. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನ, ಎಲ್ಲದರ ಪಾಲೂ ಇದೆ.
▪️ ಮೊಡವೆ ಹೋದ ಜಾಗದಲ್ಲಿ ಕಲೆ: ಉರಿಯೂತ ಬಿಟ್ಟುಹೋದ ಗುರುತು. ಹಿಸುಕಿದಷ್ಟೂ ಜಾಸ್ತಿ. ಮೊದಲು ಮೊಡವೆ ನಿಲ್ಲಬೇಕು.
▪️ ಕುಂಕುಮ ಇಡೋ ಜಾಗ, ಹೇರ್ ಡೈ ತಾಗೋ ಹಣೆಯಂಚು ಕಪ್ಪಾಗಿದ್ರೆ: ಬಣ್ಣದಲ್ಲಿರೋ ರಾಸಾಯನಿಕ ಒಗ್ಗದೆ ಹೀಗಾಗಿರಬಹುದು. ಅದನ್ನ ನಿಲ್ಲಿಸದೆ ಯಾವ ಕ್ರೀಮ್ ಹಚ್ಚಿದ್ರೂ ದಂಡ.
▪️ ಕತ್ತು, ಕಂಕುಳು ದಪ್ಪಗೆ, ಮಕಮಲ್ಲಿನ ಹಾಗೆ ಕಪ್ಪಾಗಿದ್ರೆ: ಅದು ಕೊಳೆ ಅಲ್ಲ, ಉಜ್ಜಬೇಡಿ! ದೇಹ ಇನ್ಸುಲಿನ್ ಮಾತು ಕೇಳ್ತಿಲ್ಲ ಅನ್ನೋ ಸೂಚನೆ ಇರಬಹುದು. ಸೋಪು ಬದಲಾಯಿಸೋ ಬದಲು ಶುಗರ್ ಟೆಸ್ಟ್ ಮಾಡಿಸಿ.
▪️ ಮಚ್ಚೆ ಬೆಳೀತಿದ್ರೆ, ಆಕಾರ ಬದಲಾಗ್ತಿದ್ರೆ, ರಕ್ತ ಬರ್ತಿದ್ರೆ: ಈ ಪೋಸ್ಟ್ ಬಿಟ್ಟು ಡಾಕ್ಟರ ಹತ್ರ ಹೋಗಿ.

ಇಷ್ಟು ಕಾರಣಕ್ಕೆ ಒಂದೇ ಟ್ಯೂಬು ಹೇಗೆ ಉತ್ತರ ಆಗತ್ತೆ, ನೀವೇ ಹೇಳಿ.

6/8
"ಅದಕ್ಕೇ ನಾವು ಮನೆಮದ್ದು ಮಾತ್ರ" ಅನ್ನೋರು ಸ್ವಲ್ಪ ತಡೀರಿ. ಕಡಲೆಹಿಟ್ಟು, ಮೊಸರು ನಿಮಗೆ ಒಗ್ಗಿದ್ರೆ ಹಚ್ಕೊಳ್ಳಿ. ಹಾಯಾಗಿರತ್ತೆ, ಆದರೆ ಬಂಗು ಹೋಗತ್ತೆ ಅಂತ ಕಾಯಬೇಡಿ. ನಿಂಬೆಹಣ್ಣು ಮಾತ್ರ ಬೇಡವೇ ಬೇಡ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಆಮೇಲೆ ಅಲ್ಲೇ ಹೊಸ ಕಪ್ಪು ಕಲೆ.

ಇನ್ನು ಹೆಸರು, ವಿಳಾಸ, ಪದಾರ್ಥದ ಪಟ್ಟಿ ಯಾವುದೂ ಇಲ್ಲದ ಡಬ್ಬಿ ಕ್ರೀಮುಗಳು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದ ಹಲವರು ಬಿಳಿಯಾಗೋ ಕ್ರೀಮ್ ಹಚ್ಚುತ್ತಿದ್ದವರು. ಆ ಕ್ರೀಮುಗಳಲ್ಲಿ ಸಿಕ್ಕಿದ್ದು ಪಾದರಸ. ಹಚ್ಚಿದ್ದು ಮುಖಕ್ಕೆ, ಪೆಟ್ಟು ಬಿದ್ದಿದ್ದು ಕಿಡ್ನಿಗೆ.

7/8
ಹಾಗಾದ್ರೆ ಏನು ಮಾಡೋದು?

☀️ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಹೆಚ್ಚು. ಮುಖ, ಕತ್ತಿಗೆ ಎರಡು ಬೆರಳುದ್ದ. ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಬಂಗು ಇರೋರಿಗೆ ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ಒಳ್ಳೇದು, ಅದು ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯತ್ತೆ. ಕೊಳ್ಳೋಕೆ ಆಗಲ್ವಾ? ಕೊಡೆ, ಅಗಲ ಅಂಚಿನ ಟೋಪಿ, ತಲೆ ಮೇಲೆ ಸೆರಗು. ಹೊಲದಲ್ಲಿ ದುಡಿಯೋರಿಗೆ ಇದೇ ಮೊದಲ ಔಷಧಿ.
🩺 ಅಜೆಲಾಯಿಕ್ ಆಸಿಡ್ ಥರ ಸ್ಟೀರಾಯ್ಡ್ ಇಲ್ಲದ ಔಷಧಿಗಳೂ ಇವೆ. ನಿಮಗೆ ಯಾವುದು, ಎಷ್ಟು ದಿನ ಅಂತ ಡಾಕ್ಟರು ಹೇಳಲಿ. ಬಸುರಿಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮುಟ್ಟಬೇಡಿ. ಬಸಿರಿನಲ್ಲಿ ಬಂದ ಬಂಗು ಎಷ್ಟೋ ಜನಕ್ಕೆ ಹೆರಿಗೆ ಆದ ಮೇಲೆ ತಾನೇ ತಿಳಿಯಾಗತ್ತೆ.
⏳ ತಾಳ್ಮೆ. ಕಲೆ ಮಾಸೋಕೆ ತಿಂಗಳುಗಳು ಬೇಕು. "ಏಳೇ ದಿನ" ಅನ್ನೋರು ಸುಳ್ಳು ಹೇಳ್ತಿದಾರೆ.
⚠️ ಸ್ಟೀರಾಯ್ಡ್ ಟ್ಯೂಬು ತಿಂಗಳುಗಟ್ಟಲೆ ಹಚ್ಚಿರೋರು ಇವತ್ತೇ ಎಸೀಬೇಡಿ. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ರ ಹೋಗಿ. ಹೇಗೆ ಬಿಡಬೇಕು ಅಂತ ಅವರು ಹೇಳ್ತಾರೆ.

8/8
"ಸ್ಕಿನ್ ಡಾಕ್ಟರ್ ಅಂದ್ರೆ ದುಬಾರಿ" ಅಂತೀರಿ. ನಿಜ, ಖಾಸಗಿಯಲ್ಲಿ ಫೀಸು ಕಮ್ಮಿ ಇಲ್ಲ. ಆದರೆ ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಥರ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಸಾಲಲ್ಲಿ ನಿಲ್ಲಬೇಕು, ಅರ್ಧ ದಿನ ಹೋಗತ್ತೆ. ವರ್ಷಕ್ಕೆ ಎಷ್ಟು ಟ್ಯೂಬ್ ಕೊಂಡ್ರಿ, ಅದರ ಜೊತೆ ತೂಗಿ ನೋಡಿ.

ಕೊನೇ ಮಾತು ಕಲೆ ಇಲ್ಲದೋರಿಗೆ. ಮದುವೆ ಮನೇಲಿ, ನಾಮಕರಣದಲ್ಲಿ "ಅಯ್ಯೋ, ಮುಖ ಯಾಕೆ ಹೀಗಾಯ್ತು?" ಅಂತ ಕೇಳೋರೇ, ಆ ಹೆಣ್ಣುಮಗಳು ಮಾರನೇ ದಿನ ಮೆಡಿಕಲ್ ಶಾಪಿಗೆ ಹೋಗೋದು ನಿಮ್ಮ ಮಾತು ಹೊತ್ಕೊಂಡು. ಬಂಗಿನಿಂದ ಯಾರೂ ಸಾಯಲ್ಲ. ಕಲೆ ಕಂಡ್ರೆ ಸುಮ್ನಿರಿ, "ಊಟ ಆಯ್ತಾ?" ಅಂತ ಕೇಳಿ.

ಸೇವ್ ಮಾಡ್ಕೊಳ್ಳಿ. ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ. ನಿಮ್ಮ ಟ್ಯೂಬಿನಲ್ಲಿ ಯಾವ ಔಷಧಿ ಇದೆ ಅಂತ ಕಾಮೆಂಟಲ್ಲಿ ಬರೀರಿ, ಬೇರೆಯವರೂ ನೋಡಲಿ. 👇

#ಬಂಗು #ಕಪ್ಪುಕಲೆ #ಚೀಟಿಇಲ್ಲದೆಸ್ಟೀರಾಯ್ಡ್‌ಬೇಡ #ಕನ್ನಡದಲ್ಲಿಆರೋಗ್ಯ